ಐರ್ಲೆಂಡಿನ ಮದುವೆಗೆ ಕ್ಯಾಮೆರಾ ಹೊತ್ತು ಹೊರಟವರಿಗೆ

ಮೈಸೂರಿನ ಛತ್ರಗಳಲ್ಲಿ ವೇದಿಕೆಯ ಮುಂದೆ ನಿಂತು ಈ ಕಸುಬು ಕಲಿತವನು ನಾನು. ನಮ್ಮ ಆರತಕ್ಷತೆಯಲ್ಲಿ ಛಾಯಾಗ್ರಾಹಕ ನೆಟ್ಟ ಕಂಬದಂತೆ ಒಂದೇ ಕಡೆ ನಿಂತರೂ ಕೆಲಸ ಸಾಗುತ್ತದೆ. ಊರಿಗೆ ಊರೇ ಸಾಲುಗಟ್ಟಿ ಬಂದು, ಲಕೋಟೆ ಕೊಟ್ಟು, ಕ್ಯಾಮೆರಾ ಕಡೆಗೊಮ್ಮೆ ನಕ್ಕು, ಊಟದ ಮನೆಯತ್ತ ಇಳಿದುಹೋಗುತ್ತದೆ. ಐರ್ಲೆಂಡಿನ ಮದುವೆಯಲ್ಲಿ ಆ ವೇದಿಕೆಯೇ ಇಲ್ಲ. ಜನ ಕ್ಯಾಮೆರಾದ ಬಳಿಗೆ ಬರುವುದಿಲ್ಲ, ಕ್ಯಾಮೆರಾವೇ ಜನರೊಳಗೆ ಹೊಕ್ಕು ಬರಬೇಕು.

ಇದು ತಿಳಿಯದೆ, ಪಶ್ಚಿಮ ಕರಾವಳಿಯಲ್ಲಿ ನನಗೆ ಸಿಕ್ಕ ಮೊದಲ ಮದುವೆಯಲ್ಲಿ ವಧೂವರರನ್ನು ಕಡಲಂಚಿಗೆ ಕರೆದೊಯ್ದು ಒಂದೂಮುಕ್ಕಾಲು ಗಂಟೆ ಅಲ್ಲೇ ಇಟ್ಟುಕೊಂಡೆ. ಚಿತ್ರಗಳೇನೋ ಚೆನ್ನಾಗಿಯೇ ಬಂದವು. ಹೋಟೆಲಿಗೆ ಮರಳುವಷ್ಟರಲ್ಲಿ ಅತಿಥಿಗಳು ಊಟಕ್ಕೆ ಕೂರುತ್ತಿದ್ದರು. ವಧುವಿನ ಸೋದರಮಾವ ಅಂಗಳದಲ್ಲಿ ನಿಂತು ಒಂದು ಹಳೆಯ ಹಾಡು ಹಾಡಿ ಎಲ್ಲರ ಕಣ್ಣು ಒದ್ದೆ ಮಾಡಿದ್ದರಂತೆ. ಆಲ್ಬಮ್ ನೋಡಿದ ದಿನ ಆ ಹುಡುಗಿ ನನಗೆ ವಂದನೆ ಹೇಳಿದಳು. ಆಮೇಲೆ, ಮಾವನ ಹಾಡು ಮಾತ್ರ ತಪ್ಪಿಹೋಯಿತು ಎಂದಳು. ಅಂದಿನಿಂದ ನನ್ನ ಯೋಜನೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಅವರ ಸಂಭ್ರಮದಿಂದ ನಾನು ಎಷ್ಟು ನಿಮಿಷ ಕದಿಯುತ್ತಿದ್ದೇನೆ?

ಐರಿಶರಿಗೆ ‘ಕ್ರ್ಯಾಕ್’ ಎಂಬ ಮಾತೊಂದಿದೆ. ಹರಟೆ, ನಗೆ, ಹಾಡು, ಕಾಲೆಳೆಯುವುದು ಎಲ್ಲ ಬೆರೆತ ಖುಷಿಗೆ ಆ ಹೆಸರು. ಮದುವೆ ಹೇಗಿತ್ತು ಎಂದು ಕೇಳುವುದಕ್ಕಿಂತ ಕ್ರ್ಯಾಕ್ ಹೇಗಿತ್ತು ಎಂದು ಕೇಳುವವರೇ ಹೆಚ್ಚು. ಕೋಟೆ, ಕಡಲು, ಹಸಿರು ಬೆಟ್ಟ ಎಲ್ಲ ಚಿತ್ರದಲ್ಲಿದ್ದು ಇದೊಂದು ಬಾರದಿದ್ದರೆ ನೀವು ತೆಗೆದದ್ದು ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರು.

ದಿನಾಂಕ ಗೊತ್ತಾದ ಕೂಡಲೇ ಸೂರ್ಯನ ಲೆಕ್ಕ

ಮೊದಲು ಮಾಡಬೇಕಾದದ್ದು ಆ ದಿನದ ಸೂರ್ಯಾಸ್ತದ ಹೊತ್ತನ್ನು ನೋಡಿ ಬರೆದಿಟ್ಟುಕೊಳ್ಳುವುದು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಡಬ್ಲಿನ್ 53ರಲ್ಲಿ. ನಮ್ಮಲ್ಲಿ ವರ್ಷವಿಡೀ ಸಂಜೆ ಆರು–ಏಳರ ನಡುವೆ ಆರಿಹೋಗುವ ಬೆಳಕು ಅಲ್ಲಿ, ಪಶ್ಚಿಮ ಕರಾವಳಿಯ ಗಾಲ್ವೇ ಕಡೆ, ಜೂನ್ ಕೊನೆಯಲ್ಲಿ ರಾತ್ರಿ 10 ಗಂಟೆಯವರೆಗೂ ಇರುತ್ತದೆ. ಡಿಸೆಂಬರಿನಲ್ಲಿ ಸಂಜೆ 4:30ರೊಳಗೆ ಮುಗಿಯುತ್ತದೆ. ಡಬ್ಲಿನ್‌ನಲ್ಲಿ ಬೇಸಿಗೆಯ ನಡುಹಗಲಿಗೂ ಸೂರ್ಯ ಸುಮಾರು 60 ಡಿಗ್ರಿಗಿಂತ ಮೇಲೇರುವುದಿಲ್ಲ, ಚಳಿಗಾಲದಲ್ಲಿ 13 ಡಿಗ್ರಿಯಷ್ಟು ಎದ್ದು ಮತ್ತೆ ಮಲಗಿಬಿಡುತ್ತಾನೆ. ನೆತ್ತಿಯ ಮೇಲಿಂದ ಸುರಿದು ಕಣ್ಣಿನ ಕೆಳಗೆ ಕಪ್ಪು ಗುಳಿ ಮಾಡುವ ನಮ್ಮ ಏಪ್ರಿಲ್ ಬಿಸಿಲಿಗೆ ಹೆದರಿ ಬೆಳೆದವರಿಗೆ ಇದು ಹಬ್ಬವೇ ಸರಿ.

ಆದರೆ ಒಂದು ತೊಡಕಿದೆ. ಮದುವೆಯ ವಿಧಿ ಮಧ್ಯಾಹ್ನ ಒಂದು–ಎರಡಕ್ಕೆ, ಪಾನೀಯ ಮತ್ತು ಹರಟೆ ಮೂರರಿಂದ ಐದರವರೆಗೆ, ಊಟ ಐದೂವರೆಗೆ, ಆಮೇಲೆ ಭಾಷಣ, ಒಂಬತ್ತರ ಸುಮಾರಿಗೆ ಮೊದಲ ನೃತ್ಯ. ಬೇಸಿಗೆ ಮದುವೆಯ ಸಾಮಾನ್ಯ ಕ್ರಮ ಇದು. ಹೊಂಬೆಳಕು ಬರುವುದು ಒಂಬತ್ತರ ಮೇಲೆ. ಅಂದರೆ ಒಳ್ಳೆಯ ಬೆಳಕು ಬಂದಾಗ ಮದುಮಕ್ಕಳು ಸಿಹಿ ತಿನ್ನುತ್ತಾ ಒಳಗೆ ಕುಳಿತಿರುತ್ತಾರೆ. ಆದ್ದರಿಂದ ಮಧ್ಯಾಹ್ನ 20 ನಿಮಿಷ, ಸಿಹಿಗೂ ನೃತ್ಯಕ್ಕೂ ನಡುವೆ 15 ನಿಮಿಷ, ಹೀಗೆ ಎರಡು ತುಂಡು ಸಮಯವನ್ನು ಮೊದಲೇ ಮಾತಾಡಿಕೊಳ್ಳಿ. ಈ ಮಾತನ್ನು ಹೋಟೆಲಿನ ಮದುವೆ ಮೇಲ್ವಿಚಾರಕರಿಗೂ ಬ್ಯಾಂಡಿನವರಿಗೂ ತಿಳಿಸಿರಬೇಕು. ವಧು ಬಾಗಿಲು ದಾಟುವುದೂ ಬ್ಯಾಂಡಿನವರು ಶುರು ಹಚ್ಚುವುದೂ ಒಂದೇ ಗಳಿಗೆಗೆ ಬಿದ್ದರೆ ಎರಡೂ ಕೆಡುತ್ತವೆ. ಡಿಸೆಂಬರ್ ಮದುವೆಯಾದರೆ ಲೆಕ್ಕ ತಲೆಕೆಳಗು: ಎರಡು ಗಂಟೆಗೆ ವಿಧಿ ಶುರುವಾದರೆ ಅದು ಮುಗಿಯುವಷ್ಟರಲ್ಲಿ ಹೊರಗೆ ಒಂದು ಗಂಟೆಯ ಬೆಳಕು ಮಾತ್ರ ಉಳಿದಿರುತ್ತದೆ. ಇಬ್ಬರೂ ಒಪ್ಪಿದರೆ ಜೋಡಿ ಚಿತ್ರಗಳನ್ನು ವಿಧಿಗೆ ಮೊದಲೇ ತೆಗೆದು ಮುಗಿಸಿ.

ಕಾಗದಪತ್ರ, ಪ್ಲಗ್, ಡ್ರೋನ್

ಬೇಸರದ ಭಾಗ ಇದು, ಬೇಗ ಮುಗಿಸೋಣ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ ಐರ್ಲೆಂಡಿನಲ್ಲಿ ನಡೆಯುವುದಿಲ್ಲ, ಐರ್ಲೆಂಡಿನದೇ ವೀಸಾ ಬೇಕು. ಪ್ರವಾಸಿಯೆಂದು ಹೋಗಿ ಸಂಭಾವನೆ ಪಡೆದು ಕೆಲಸ ಮಾಡುವಂತಿಲ್ಲ. ಕೆಲಸದ ಅನುಮತಿಯ ಬಗ್ಗೆ ಮುಂಗಡ ಹಣ ಪಡೆಯುವ ಮೊದಲೇ ವಿಚಾರಿಸಿ. ಕಡಲಂಚಿನ ಕಲ್ಲುಕಂಬಗಳ ಜೈಂಟ್ಸ್ ಕಾಸ್‌ವೇ, ಡನ್‌ಲೂಸ್ ಕೋಟೆ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿಗೆ ಸೇರಿದ್ದು. ರಸ್ತೆಯಲ್ಲಿ ಗಡಿಠಾಣೆ ಇಲ್ಲವೆಂದು ವೀಸಾ ನಿಯಮ ಇಲ್ಲವೆಂದಾಗುವುದಿಲ್ಲ. ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದಾದ ಬ್ರಿಟಿಷ್–ಐರಿಶ್ ವೀಸಾ ಯೋಜನೆಯ ಗುರುತು ಅದರ ಮೇಲಿದ್ದರೆ ಮಾತು ಬೇರೆ.

ವಿದ್ಯುತ್ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಮೂರು ಚಪ್ಪಟೆ ಕಡ್ಡಿಗಳ ಬ್ರಿಟಿಷ್ ಮಾದರಿಯದು, ನಮ್ಮದು ಹಿಡಿಯುವುದಿಲ್ಲ. ಎರಡು ಅಡಾಪ್ಟರ್ ಮತ್ತು ನಮ್ಮದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಸಾಕು. ಕ್ಯಾಮೆರಾ ಇರುವ ಡ್ರೋನ್ ಹಾರಿಸುವವರು ಐರಿಶ್ ವಿಮಾನಯಾನ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, 120 ಮೀಟರಿಗಿಂತ ಮೇಲೆ ಒಯ್ಯುವಂತಿಲ್ಲ, ಜನಸಂದಣಿಯ ಮೇಲೆ ಹಾರಿಸುವಂತಿಲ್ಲ. ಕಡಲ ಗಾಳಿ ನೋಡಿದ ಮೇಲೆ ನನ್ನ ಡ್ರೋನ್ ಹೆಚ್ಚಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ವಧೂವರರ ಬಳಿ ಕೇಳಿ ತಿಳಿದುಕೊಳ್ಳಬೇಕು. ಐರ್ಲೆಂಡಿನಲ್ಲಿ ಕಾನೂನುಬದ್ಧವಾಗಿ ಮದುವೆಯಾಗಲು ಮೂರು ತಿಂಗಳ ಮುಂಚೆ ನೋಟಿಸ್ ಕೊಡಬೇಕು, ಸರ್ಕಾರಿ ನೋಂದಣಾಧಿಕಾರಿ ನಡೆಸುವ ಮದುವೆ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಅಮೆರಿಕದಿಂದಲೋ ಬೇರೆಲ್ಲಿಂದಲೋ ಬರುವ ಎಷ್ಟೋ ಜೋಡಿಗಳು ನೋಂದಣಿಯನ್ನು ತಮ್ಮ ಊರಲ್ಲೇ ಮುಗಿಸಿ ಇಲ್ಲಿ ವಿಧಿಯನ್ನಷ್ಟೇ ಇಟ್ಟುಕೊಂಡಿರುತ್ತಾರೆ. ಕಾನೂನಿನ ಮದುವೆಯಾದರೆ ಇಬ್ಬರು ಸಾಕ್ಷಿಗಳೊಂದಿಗೆ ಸಹಿ ಹಾಕುವ ಗಳಿಗೆಯೂ ಇರುತ್ತದೆ, ನೀವು ಆ ಮೇಜಿನ ಬಳಿ ಇರಬೇಕು.

ಮಳೆಗೆ ಅಂಜದ ಚೀಲ

ಆಗುಂಬೆಯ ಮಳೆ ನೋಡಿದವರು ಐರ್ಲೆಂಡಿನ ಮಳೆಯನ್ನು ಮಳೆಯೆಂದು ಒಪ್ಪಲಿಕ್ಕಿಲ್ಲ. ಅಲ್ಲಿನ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ ಹೆಚ್ಚಿನ ಕಡೆ ಬೀಳುವುದು 1,000ದಿಂದ 1,400 ಮಿಲಿಮೀಟರ್. ಆದರೆ ಅದು ವರ್ಷದ ಸುಮಾರು 225 ದಿನಗಳಿಗೆ ಹಂಚಿಕೊಂಡು ಬೀಳುತ್ತದೆ. ಧೋ ಎಂದು ಸುರಿಯುವುದು ಕಡಿಮೆ. ಹತ್ತು ನಿಮಿಷ ಜಿನುಗಿ, ಹತ್ತು ನಿಮಿಷ ಬಿಸಿಲು ಕಾಯಿಸಿ, ಮತ್ತೆ ಜಿನುಗುತ್ತದೆ. ಹಾಗಾಗಿ ಮಳೆ ಬಂದರೆ ಏನು ಮಾಡುವುದು ಎಂದು ತಲೆ ಕೆಡಿಸಿಕೊಳ್ಳದೆ, ಮಳೆ ನಿಂತ ಆ ಹತ್ತು ನಿಮಿಷಕ್ಕೆ ಸಿದ್ಧರಾಗಿರಿ. ಮಳೆ ನಿಂತ ಕೂಡಲೇ ಕಲ್ಲುಹಾಸು ಕನ್ನಡಿಯಂತೆ ಹೊಳೆಯುತ್ತದೆ, ಮೋಡದ ಅಂಚಿಂದ ಬೆಳಕು ಓರೆಯಾಗಿ ಇಳಿಯುತ್ತದೆ. ಅಂಥ ಬೆಳಕಿನಲ್ಲಿ ನಾನು ಫ್ಲ್ಯಾಷ್ ಮುಟ್ಟುವುದೇ ಇಲ್ಲ.

ಎರಡು ಕ್ಯಾಮೆರಾ ಇರಲಿ, ಎರಡರಲ್ಲೂ ಎರಡೆರಡು ಕಾರ್ಡ್ ಹಾಕುವಂತಿರಲಿ. 35 ಮತ್ತು 85 ಎಂ.ಎಂ. ಲೆನ್ಸ್‌ಗಳಲ್ಲಿ ದಿನದ ಮುಕ್ಕಾಲು ಪಾಲು ಕಳೆಯುತ್ತದೆ, ಚರ್ಚಿಗೂ ಭಾಷಣಕ್ಕೂ ದೂರದ್ದನ್ನು ಹತ್ತಿರ ತರುವ 70–200 ಜೂಮ್. ಐದಾರು ಹತ್ತಿಯ ಬಟ್ಟೆ, ಕ್ಯಾಮೆರಾಕ್ಕೆ ಮಳೆಯಂಗಿ, ಪಾರದರ್ಶಕ ದೊಡ್ಡ ಕೊಡೆ ಎರಡು. ಬಣ್ಣದ ಕೊಡೆ ಹಿಡಿದರೆ ಅದರ ಬಣ್ಣವೆಲ್ಲ ಮುಖದ ಮೇಲೆ ಇಳಿಯುತ್ತದೆ. ನಿಮ್ಮ ಶೂಗಳಿಗೆ ಹಿಡಿತ ಚೆನ್ನಾಗಿರಲಿ. ಪಾಲಿಷ್ ಹೊಡೆದ ಕಪ್ಪು ಶೂ ತೊಟ್ಟು ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನಾನು ಜಾರಿದ್ದನ್ನು ಆ ಮದುವೆಯ ವಿಡಿಯೊದವರು ಇನ್ನೂ ಇಟ್ಟುಕೊಂಡಿದ್ದಾರೆ.

ನೆಲವನ್ನು ನೋಡಿ ಜಾಗ ಆರಿಸುವುದು

ಎಲ್ಲರೂ ಆಕಾಶ ನೋಡುತ್ತಾರೆ, ನೀವು ನೆಲವನ್ನೂ ನೋಡಿ. ಕ್ಲೇರ್ ಕೌಂಟಿಯ ಬರನ್ ಪ್ರದೇಶ ಪೂರ್ತಿ ಸುಣ್ಣಕಲ್ಲಿನ ಹಾಸು. ತಿಳಿಬೂದು ಬಣ್ಣದ ಆ ಕಲ್ಲು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸುತ್ತದೆ, ಗಲ್ಲದ ಕೆಳಗಿನ ನೆರಳು ತಾನಾಗಿ ತಿಳಿಯಾಗುತ್ತದೆ. ಯಾರೂ ಹಿಡಿದು ನಿಲ್ಲಬೇಕಿಲ್ಲದ ರಿಫ್ಲೆಕ್ಟರ್ ಅದು. ಅಲ್ಲಿಂದ ಉತ್ತರಕ್ಕೆ, ಗಾಲ್ವೇ ಕೊಲ್ಲಿಯ ಆಚೆ ಕಾನ್ನೆಮಾರಾಕ್ಕೆ ಹೋದರೆ ನೆಲವೆಲ್ಲ ಕಪ್ಪು ಜೌಗು, ಅದು ಬೆಳಕನ್ನು ಕುಡಿದುಬಿಡುತ್ತದೆ. ಅಲ್ಲಿ ಕೆರೆಯ ದಂಡೆಗೋ ಬಿಳಿ ಗೋಡೆಯ ಪಕ್ಕಕ್ಕೋ ಸರಿಯಬೇಕು. ಇನ್ನು ಹೋಟೆಲುಗಳ ಮುಂದಿನ ಹಸಿರು ಹುಲ್ಲುಹಾಸು. ನೋಡಲು ಚೆಂದ, ಆದರೆ ಬಿಳಿ ಗೌನಿನ ಅಂಚಿಗೂ ತೆಳುಬಣ್ಣದ ಕೊರಳಿಗೂ ಹಸಿರು ಛಾಯೆ ಬಳಿಯುತ್ತದೆ. ನಾಲ್ಕು ಹೆಜ್ಜೆ ಸರಿಸಿ ಜಲ್ಲಿಯ ದಾರಿಯ ಮೇಲೆ ನಿಲ್ಲಿಸಿದರೆ ಕಂಪ್ಯೂಟರಿನ ಮುಂದೆ ಕಳೆಯುವ ಎರಡು ರಾತ್ರಿ ಉಳಿಯುತ್ತದೆ.

ಕ್ಲೇರ್ ಕಡಲಂಚಿನ ಮೋಹರ್ ಬಂಡೆಗಳು ಬೇಕೇ ಬೇಕು ಎನ್ನುವವರು ಬಹಳ. 214 ಮೀಟರ್‌ವರೆಗೆ ಏರುವ ಆ ಬಂಡೆಗಳು ಪಶ್ಚಿಮಕ್ಕೆ ಮುಖ ಮಾಡಿವೆ. ಬೆಳಿಗ್ಗೆ ನೆರಳಲ್ಲಿರುತ್ತವೆ, ಸಂಜೆ ಬೆಳಗುತ್ತವೆ. ನಡುಹಗಲಿಗೆ ಪ್ರವಾಸಿ ಬಸ್ಸುಗಳ ಜಾತ್ರೆ. ಸಂಜೆಯ ಬೆಳಕಿಗಾಗಿ ಮದುವೆಯ ಹಿಂದಿನ ದಿನ ಅಥವಾ ಮರುದಿನ ಹೋಗುವುದೇ ಜಾಣತನ, ಮದುವೆಯ ದಿನ ಬೇಡವೇ ಬೇಡ. ಅಂಚಿನಿಂದ ದೂರ ನಿಲ್ಲಿಸಿ 85 ಅಥವಾ 200ರಲ್ಲಿ ತೆಗೆದರೆ ಬಂಡೆ ತಾನಾಗಿ ಹತ್ತಿರ ಬಂದಂತೆ ಕಾಣುತ್ತದೆ. ಉದ್ದನೆಯ ಮುಸುಕಿಗೆ ಅಲ್ಲಿನ ಗಾಳಿ ಸಿಕ್ಕರೆ ಅದು ಹಾಯಿಪಟವಾಗುತ್ತದೆ, ಅದನ್ನು ತೊಟ್ಟವಳನ್ನು ಎಳೆದುಕೊಂಡು ಹೋಗುವಷ್ಟು ಬಲ ಅದಕ್ಕಿದೆ.

ಹೊಲಗಳು ಖಾಸಗಿ ಆಸ್ತಿ. ರೈತನನ್ನು ಕೇಳಿ ಹೋಗಿ, ದಾಟಿದ ಗೇಟನ್ನು ಮುಚ್ಚಿ. ನಡುಹೊಲದಲ್ಲಿ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಗಿಡ ಕಂಡರೆ ಅದರ ಟೊಂಗೆ ಮುರಿಯಬೇಡಿ, ಚೌಕಟ್ಟಿಗೆ ಅಡ್ಡ ಬಂದರೂ ಸರಿ. ಅದು ಯಕ್ಷಿಣಿಯರ ಗಿಡವೆಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. 1999ರಲ್ಲಿ ಕ್ಲೇರ್‌ನ ಲಟೂನ್ ಬಳಿ ಅಂಥದೊಂದು ಗಿಡವನ್ನು ಉಳಿಸಿಕೊಂಡೇ ಹೆದ್ದಾರಿ ಕಟ್ಟಲು ಒಪ್ಪಿದರು. ನಮ್ಮ ನಾಗಬನದ ಪಕ್ಕ ರಸ್ತೆ ಬಾಗುವುದನ್ನು ಕಂಡವರಿಗೆ ಇದು ಹೊಸತೇನಲ್ಲ.

ಬೆಳಗಿನ ಮನೆ

ವಧು ಅಲಂಕಾರ ಮಾಡಿಕೊಳ್ಳುವ ಕೋಣೆಗೆ ವಿಧಿಗಿಂತ ಮೂರು ಗಂಟೆ ಮೊದಲು ಹೋಗಿ. ಕಿಟಕಿ ಒಂದೇ ಇದ್ದರೆ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದು, ಕೋಣೆಯ ಹಳದಿ ದೀಪಗಳನ್ನೆಲ್ಲ ಆರಿಸಿ. ಉಳಿದದ್ದನ್ನು ಆ ಮನೆಯೇ ಮಾಡುತ್ತದೆ. ಚಿಕ್ಕಮ್ಮಂದಿರು ಚಹಾ ತರುತ್ತಾರೆ, ತಂಗಿ ಇಸ್ತ್ರಿಗಾಗಿ ಓಡುತ್ತಾಳೆ, ಅಪ್ಪ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿರುತ್ತಾರೆ.

ಹಾಗೆಯೇ ತೋಟದ ಬೇಲಿಯ ಬುಡವನ್ನೂ ಒಮ್ಮೆ ನೋಡಿ. ಹವೆ ಚೆನ್ನಾಗಿರಲೆಂದು ಹಿಂದಿನ ರಾತ್ರಿ ಪ್ರಾಗ್‌ನ ಬಾಲಯೇಸುವಿನ ಪುಟ್ಟ ಮೂರ್ತಿಯನ್ನು ಹೊರಗಿಡುವ ವಾಡಿಕೆ ಕ್ಯಾಥೊಲಿಕ್ ಮನೆಗಳಲ್ಲಿದೆ. ಒಂದು ಮನೆಯಲ್ಲಿ ಒದ್ದೆ ಎಲೆಗಳ ನಡುವೆ ರುಂಡವೇ ಇಲ್ಲದ ಮೂರ್ತಿ ಕಂಡು ಯಾರೋ ಒಡೆದರೆಂದು ಗಾಬರಿಯಾಗಿ ಅಜ್ಜಿಗೆ ಹೇಳಿದೆ. ‘ತಲೆ ತಾನಾಗಿ ಬಿದ್ದರೆ ಇನ್ನೂ ಒಳ್ಳೆಯದಪ್ಪ, ನಾವಾಗಿ ಬೀಳಿಸಬಾರದು ಅಷ್ಟೇ’ ಎಂದು ಅವರು ಕಣ್ಣು ಮಿಟುಕಿಸಿದರು. ಆ ಮೂರ್ತಿ, ಅದರ ಹಿಂದೆ ಮಸುಕಾಗಿ ಅಜ್ಜಿಯ ಹೂವಿನ ಏಪ್ರನ್. ಅವರ ಆಲ್ಬಮ್ಮಿನ ಮೊದಲ ಪುಟ ಅದೇ ಆಯಿತು.

ಉಂಗುರದ ಚಿತ್ರ ತೆಗೆಯುವಾಗ ಕ್ಲಾಡಾ ಉಂಗುರವಿದ್ದರೆ ಎಚ್ಚರ. ಎರಡು ಕೈಗಳು ಕಿರೀಟ ತೊಟ್ಟ ಹೃದಯವೊಂದನ್ನು ಹಿಡಿದಿರುವ ಈ ವಿನ್ಯಾಸ ಗಾಲ್ವೇ ಪಕ್ಕದಲ್ಲಿದ್ದ ಕ್ಲಾಡಾ ಎಂಬ ಬೆಸ್ತರ ಹಳ್ಳಿಯ ಹೆಸರಿನದು. ಕೈ ಸ್ನೇಹಕ್ಕೆ, ಹೃದಯ ಪ್ರೀತಿಗೆ, ಕಿರೀಟ ನಿಷ್ಠೆಗೆ. ಎಡಗೈಯಲ್ಲಿ ಹೃದಯದ ತುದಿ ಮಣಿಕಟ್ಟಿನ ಕಡೆಗಿದ್ದರೆ ಮದುವೆಯಾದವರು ಎಂದರ್ಥ, ಬಲಗೈಯಲ್ಲಿ ಹೊರಮುಖವಾಗಿದ್ದರೆ ಒಂಟಿ. ಚೆಂದ ಕಾಣಲೆಂದು ನೀವು ತಿರುಗಿಸಿದರೆ ಅರ್ಥವೇ ತಿರುಗುತ್ತದೆ.

ವಿಧಿಯ ಹೊತ್ತು

ಚರ್ಚಾದರೆ ಹಿಂದಿನ ದಿನವೇ ಪಾದ್ರಿಗಳನ್ನು ಕಂಡು ಎಲ್ಲಿ ನಿಲ್ಲಬಹುದು, ಯಾವಾಗ ಅಲುಗಬಾರದು ಎಂದು ಕೇಳಿ. ಮಂಗಳೂರಿನ ಇಗರ್ಜಿಗಳಲ್ಲಿ ಕೆಲಸ ಮಾಡಿದವರಿಗೆ ಈ ಶಿಸ್ತು ಗೊತ್ತಿರುತ್ತದೆ. ಶಬ್ದವಿಲ್ಲದ ಶಟರ್, ಫ್ಲ್ಯಾಷ್ ಇಲ್ಲ, ಐಎಸ್‌ಒ (ಕ್ಯಾಮೆರಾದ ಬೆಳಕು ಹಿಡಿಯುವ ಚುರುಕು) 3200ಕ್ಕೆ ಹೆದರಬೇಡಿ. ಎಲ್‌ಇಡಿ ದೀಪಗಳಿದ್ದರೆ ಶಟರ್ ವೇಗವನ್ನು 1/100 ಸೆಕೆಂಡಿನಲ್ಲಿ ಇಟ್ಟು ಪರೀಕ್ಷಿಸಿ, ದೀಪದ ಮಿನುಗಿನಿಂದ ಚಿತ್ರದಲ್ಲಿ ಪಟ್ಟೆ ಬೀಳುವುದು ಹೆಚ್ಚಾಗಿ ತಪ್ಪುತ್ತದೆ.

ಕೈಕಟ್ಟುವ ಶಾಸ್ತ್ರ ಇದೆಯೇ ಎಂದು ಕೇಳಿಟ್ಟುಕೊಳ್ಳಿ. ವಧೂವರರ ಕೈಗಳ ಮೇಲೆ ದಾರಗಳನ್ನೋ ಪಟ್ಟಿಗಳನ್ನೋ ಸುತ್ತುತ್ತಾರೆ. ಇಬ್ಬರೂ ಒಂದೊಂದು ತುದಿ ಹಿಡಿದು ಕೈಗಳನ್ನು ಹಿಂದಕ್ಕೆಳೆದರೆ ನಡುವೆ ಗಂಟು ಬೀಳುತ್ತದೆ. ನಮ್ಮ ಬ್ರಹ್ಮಗಂಟು ನೆನಪಾಗದೆ ಇರದು. ಆ ಎಳೆತ ಎರಡು ಸೆಕೆಂಡಿನ ಆಟ. ವಿಧಿ ನಡೆಸುವವರು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತುಬಿಟ್ಟರೆ ಎಲ್ಲ ಮುಗಿಯಿತು. ಮೊದಲೇ ಅವರನ್ನು ಕೇಳಿಕೊಂಡು, ನೀವು ಮಂಡಿಯೂರಿ, ಗಂಟಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟುಕೊಂಡು ಕಾಯಿರಿ. ಒಂದು ಚಿತ್ರ ಗಂಟಿನದು, ಕೂಡಲೇ ಕತ್ತೆತ್ತಿ ಇನ್ನೊಂದು ಮುಖಗಳದು.

ಕುಟುಂಬದ ಗುಂಪು, ಆಮೇಲೆ ಬಿಡುಗಡೆ

ಗುಂಪು ಚಿತ್ರ ಎಂಟು–ಹತ್ತು ಸಾಕು. ನಾವು ಮುನ್ನೂರು ಗುಂಪು ತೆಗೆದು ರೂಢಿಯಾದವರು, ಕೈ ಕಟ್ಟಿದಂತಾಗುತ್ತದೆ, ಸಹಿಸಿಕೊಳ್ಳಿ. ಹೆಸರು ಹಿಡಿದು ಕೂಗಬಲ್ಲ, ಎಲ್ಲರೂ ಅಂಜುವ ಒಬ್ಬ ಅಕ್ಕನನ್ನೋ ಅತ್ತೆಯನ್ನೋ ಗೊತ್ತುಮಾಡಿ ಪಟ್ಟಿಯನ್ನು ಅವರ ಕೈಗೆ ಕೊಡಿ. ಅಜ್ಜ ಅಜ್ಜಿಯರ ಗುಂಪು ಮೊದಲು, ಅವರನ್ನು ಗಾಳಿಯಲ್ಲಿ ನಿಲ್ಲಿಸಬಾರದು. ಅರ್ಧ ಗಂಟೆಯಲ್ಲಿ ಮುಗಿಸಿ ಮದುಮಕ್ಕಳೊಂದಿಗೆ ಆ 20 ನಿಮಿಷಕ್ಕೆ ಹೊರಡಿ.

ಸಂಕೋಚದ ವರನಿಗೆ ನನ್ನದೊಂದು ಉಪಾಯವಿದೆ. ಅಪ್ಪನ ಜೊತೆ ಬಾರ್ ಕಟ್ಟೆಯ ಬಳಿ ನಿಲ್ಲಿಸಿ ಕಪ್ಪು ಸ್ಟೌಟ್ ಬಿಯರ್ ಹೇಳಿಸುತ್ತೇನೆ. ಮುಕ್ಕಾಲು ಲೋಟ ತುಂಬಿ, ನೊರೆ ತಿಳಿಯಾಗಲು ಬಿಟ್ಟು, ಮತ್ತೆ ತುಂಬಿಸಿ ಕೊಡಲು ಸುಮಾರು ಎರಡು ನಿಮಿಷ ಹಿಡಿಯುತ್ತದೆ. ಆ ಎರಡು ನಿಮಿಷ ಅಪ್ಪ ಮಗ ಇಬ್ಬರೂ ಲೋಟವನ್ನೇ ನೋಡುತ್ತಾ, ಕ್ಯಾಮೆರಾ ಮರೆತು, ಎಂದೂ ಆಡದ ಮಾತು ಆಡುತ್ತಾರೆ.

ಆಮೇಲೆ ಅವರನ್ನು ಜನರಿಗೆ ಒಪ್ಪಿಸಿಬಿಡಿ. ನೀವು 35 ಎಂ.ಎಂ. ಹಾಕಿಕೊಂಡು ಗುಂಪಿನೊಳಗೆ ನಡೆಯಿರಿ. ಮೊದಲ ಹತ್ತು ನಿಮಿಷ ಎಲ್ಲರೂ ಲೋಟ ಎತ್ತಿ ಪೋಸು ಕೊಡುತ್ತಾರೆ. ತೆಗೆದುಕೊಡಿ, ಆ ಸಾಲ ತೀರಿಸಿದ ಮೇಲೆ ನಿಮ್ಮನ್ನು ಮರೆಯುತ್ತಾರೆ.

ಭಾಷಣಗಳ ಮೇಲಿನ ಜೂಜು

ಭಾಷಣ ಎಷ್ಟು ನಿಮಿಷ ಎಳೆಯುತ್ತದೆ ಎಂದು ಮೇಜು ಮೇಜಿನಲ್ಲೂ ಬಾಜಿ ಕಟ್ಟುತ್ತಾರೆ. ಲೋಟದಡಿ ನೋಟುಗಳು, ಚೀಟಿಯಲ್ಲಿ ಹೆಸರುಗಳು, ಒಬ್ಬನ ಕೈಯಲ್ಲಿ ಮೊಬೈಲಿನ ಗಡಿಯಾರ. ವಧುವಿನ ತಂದೆ ‘ಇನ್ನೊಂದು ಮಾತು’ ಎಂದರೆ ಒಂದು ಮೇಜು ನರಳುತ್ತದೆ, ಇನ್ನೊಂದು ಮೇಜು ಚಪ್ಪಾಳೆ ತಟ್ಟುತ್ತದೆ. ಮಾತಾಡುವವರ ಚಿತ್ರ ನಾಲ್ಕು ಸಾಕು. 70–200 ಹಿಡಿದು ಗೋಡೆಯ ಪಕ್ಕ ನಿಂತು ಕೇಳುವವರ ಮುಖಗಳನ್ನು ನೋಡಿ. ನಗೆ ಮಾತಿನ ಜೊತೆ ಬರುವುದಿಲ್ಲ, ಒಂದು ಗುಟುಕು ತಡೆದು ಬರುತ್ತದೆ. ಬೆರಳು ಆತುರಪಡಬಾರದು. ವರನ ಗೆಳೆಯ ಪೋಲಿ ಕಥೆ ಶುರು ಮಾಡಿದಾಗ ಅಜ್ಜಿಯ ಮೇಲೆ ಫೋಕಸ್ ಇಟ್ಟಿರಿ, ಎಲ್ಲರಿಗಿಂತ ಮೊದಲು ನಗುವವರು ಅವರೇ.

ಕುಣಿತದ ಅಂಗಳ

ಕೋಟೆ ಹೋಟೆಲುಗಳ ಸಭಾಂಗಣಕ್ಕೆ ಕಪ್ಪು ಮರದ ಹಲಗೆಗಳ ಗೋಡೆ. ಫ್ಲ್ಯಾಷನ್ನು ಅದಕ್ಕೆ ಬಡಿಸಿದರೆ ಅರ್ಧ ಬೆಳಕು ಸಾಯುತ್ತದೆ, ಉಳಿದರ್ಧ ಕಿತ್ತಳೆಯಾಗಿ ಮರಳುತ್ತದೆ. ಬ್ಯಾಂಡಿನ ಎರಡೂ ಪಕ್ಕ ಸ್ಟ್ಯಾಂಡಿನ ಮೇಲೆ ಒಂದೊಂದು ಫ್ಲ್ಯಾಷ್ ಇಟ್ಟು ಹಿಂದಿನಿಂದ ಬೆಳಕು ಬರುವಂತೆ ಮಾಡಿ. ಕೈಯಲ್ಲಿನ ಕ್ಯಾಮೆರಾಕ್ಕೆ ಮೂರನೆಯದು, ತೀರ ಕಡಿಮೆ ಬಲದಲ್ಲಿ. ಶಟರ್ 1/20ರ ಸುಮಾರಿಗಿಟ್ಟು, ಶಟರ್ ಮುಚ್ಚುವ ಮೊದಲು ಫ್ಲ್ಯಾಷ್ ಹಾರುವಂತೆ ಹೊಂದಿಸಿದರೆ ಕುಣಿತ ಗೆರೆಯಾಗಿ ಹರಿದು ಮುಖ ಮಾತ್ರ ನಿಚ್ಚಳ ನಿಲ್ಲುತ್ತದೆ.

ಸಾಂಪ್ರದಾಯಿಕ ವಾದ್ಯದವರಿದ್ದರೆ ಪಿಟೀಲು, ತವರದ ಕೊಳಲು, ಬೌರಾನ್ ಇರುತ್ತವೆ. ಬೌರಾನ್ ಎಂದರೆ ಮರದ ಬಳೆಗೆ ಒಂದೇ ಕಡೆ ಆಡಿನ ಚರ್ಮ ಬಿಗಿದು ಪುಟ್ಟ ಕೋಲಿನಿಂದ ನುಡಿಸುವ ವಾದ್ಯ, ನಮ್ಮ ತಮಟೆಗೆ ದೂರದ ನೆಂಟ. ‘ಸೀಜ್ ಆಫ್ ಎನ್ನಿಸ್’ ಎಂಬ ಕುಣಿತ ಶುರುವಾದರೆ ಓಡಿಹೋಗಿ ಕೋಣೆಯ ಒಂದು ತುದಿ ಹಿಡಿಯಿರಿ. ನಾಲ್ವರ ಸಾಲಿಗೆ ಎದುರಾಗಿ ನಾಲ್ವರ ಸಾಲು. ಮುಂದೆ ಬಂದು ಹಿಂದೆ ಸರಿದು, ಜಾಗ ಬದಲಿಸಿ, ಗಿರಕಿ ಹೊಡೆದು, ಕೊನೆಗೆ ಒಂದು ಸಾಲು ಕೈಗಳನ್ನು ಕಮಾನಿನಂತೆ ಎತ್ತುತ್ತದೆ, ಎದುರಿನವರು ತಲೆ ತಗ್ಗಿಸಿ ಅದರಡಿ ನುಗ್ಗುತ್ತಾರೆ. ಪಕ್ಕದಲ್ಲಿ ನಿಂತರೆ ಸಿಗುವುದು ಬೆನ್ನುಗಳು. ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತರೆ ಕಮಾನಿನಡಿಯಿಂದ ಮುಖಗಳು ನಿಮ್ಮ ಮೇಲೆಯೇ ಧುಮುಕುತ್ತವೆ. ಮೊದಲ ಸುತ್ತನ್ನು ಬರಿದೇ ನೋಡಿ ತಾಳ ಹಿಡಿದುಕೊಂಡು, ಎರಡನೆಯದರಲ್ಲಿ ತೆಗೆಯಿರಿ.

ಇನ್ನಷ್ಟು ಹೊತ್ತಾದ ಮೇಲೆ ಡಿಸ್ಕೋ ಕಾಲದ ಹಾಡೊಂದಕ್ಕೆ ಸೂಟುಬೂಟಿನವರೆಲ್ಲ ನೆಲದ ಮೇಲೆ ಒಬ್ಬರ ಹಿಂದೊಬ್ಬರು ಕುಳಿತು ದೋಣಿಗೆ ಹುಟ್ಟು ಹಾಕುವಂತೆ ತೂಗಾಡುತ್ತಾರೆ. ನಮ್ಮ ಮಕ್ಕಳ ಚುಕುಬುಕು ರೈಲು ಕುಳಿತುಬಿಟ್ಟಂತೆ. ಕುರ್ಚಿ ಹತ್ತಿ ಮೇಲಿನಿಂದ ತೆಗೆಯಿರಿ. ಮೊದಲ ನೃತ್ಯ ಮುಗಿಯಿತೆಂದು ಚೀಲ ಕಟ್ಟಿದವರಿಗೆ ಇದು ಸಿಗುವುದಿಲ್ಲ. ಒಪ್ಪಂದದಲ್ಲಿ ಕೊನೆಯ ಒಂದು ಗಂಟೆ ಹೆಚ್ಚು ಬರೆಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ನಡುವೆ ಸುಮಾರು 10:40ರ ಹೊತ್ತಿಗೆ, ಜೂನ್ ಆಗಿದ್ದರೆ, ಒಂದು ನಿಮಿಷ ಒಬ್ಬರೇ ಹೊರಗೆ ಹೋಗಿ. ಆಕಾಶ ಗಾಢ ನೀಲಿ, ಕೋಟೆಯ ಕಿಟಕಿಗಳೆಲ್ಲ ಹಳದಿ. ಈ ಚಿತ್ರಕ್ಕೆ ಮದುಮಕ್ಕಳನ್ನು ಎಬ್ಬಿಸಿ ತರಬೇಕಾಗಿಲ್ಲ.

ಹನ್ನೊಂದರ ಮೇಲೆ ಸಣ್ಣ ಸಾಸೇಜು, ಸ್ಯಾಂಡ್‌ವಿಚ್, ಚಹಾ ಬರುತ್ತವೆ. ನೀವೂ ತಿನ್ನಿ, ಅಷ್ಟರಲ್ಲಿ ಯಾರಾದರೂ ನಿಮ್ಮ ತಟ್ಟೆಯನ್ನೂ ತಂದಿಟ್ಟಿರುತ್ತಾರೆ. ಕೋಣೆಗೆ ಹೋದ ಕೂಡಲೇ, ಶೂ ಬಿಚ್ಚುವ ಮೊದಲು, ಕಾರ್ಡುಗಳನ್ನು ಎರಡು ಡ್ರೈವಿಗೆ ಇಳಿಸಿ. ಒಂದು ಡ್ರೈವ್ ಕೈಚೀಲದಲ್ಲಿ, ಇನ್ನೊಂದು ಜೇಬಿನಲ್ಲಿ, ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಯಾವುದೂ ಬೇಡ. ಮರುದಿನವೂ ಹಬ್ಬವಿರುತ್ತದೆ, ಅದೇ ಜನ ಊರಿನ ಪಬ್ಬಿನಲ್ಲಿ ಮಧ್ಯಾಹ್ನ ಸೇರುತ್ತಾರೆ. ಒಂದು ಕ್ಯಾಮೆರಾ, 35 ಎಂ.ಎಂ. ಲೆನ್ಸ್ ಒಂದು, ಫ್ಲ್ಯಾಷ್ ಇಲ್ಲದೆ ಹೋಗಿ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತುಕೊಳ್ಳಿ, ವಾದ್ಯದವರ ಮೂಲೆಯ ಖಾಲಿ ಸ್ಟೂಲಿನ ಮೇಲಲ್ಲ, ಅದು ಇನ್ನೂ ಬರಬೇಕಾದ ಪಿಟೀಲಿನವರದು. ಆ ಸೋದರಮಾವ ಮತ್ತೊಮ್ಮೆ ಹಾಡುವುದಿದ್ದರೆ ಅಲ್ಲೇ ಹಾಡುತ್ತಾರೆ.